ಒಂದೇ ಬೆಂಚಿನ ಎರಡು ಫೋಟೋ

ಮಾರ್ಚ್ 4, ಸೋಮವಾರ

ಬೆಳಿಗ್ಗೆಯಿಂದ ಪಾಸ್‌ಪೋರ್ಟ್ ಫೋಟೋಗಳೇ. ಹನ್ನೊಂದು ಮಂದಿ, ಹನ್ನೊಂದು ಸಪ್ಪೆ ಮುಖ. ಮಧ್ಯಾಹ್ನ ಸ್ಟುಡಿಯೋ ಮುಚ್ಚಿ ಅಮ್ಮನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಇನ್ನು ಆರು ತಿಂಗಳು ಕಾಣಬಹುದು, ಆಮೇಲೆ ಹೇಳಲಾಗದು ಎಂದರು. ಅಮ್ಮ ಅಳಲಿಲ್ಲ. ಬಸ್ಸಿನಲ್ಲಿ ಶುರು ಮಾಡಿದಳು.

"ಅಷ್ಟರೊಳಗೆ ಗಂಡುಮಕ್ಕಳಿಬ್ರನ್ನೂ ಒಟ್ಟಿಗೆ ಕೂರಿಸಿ ಒಂದು ಫೋಟೋ ತೆಗೆದುಕೊಡೇ. ಸ್ಟುಡಿಯೋ ಇಟ್ಕೊಂಡು ಇಷ್ಟೂ ಮಾಡಲ್ವಾ?"

ಮಾಡಲ್ವಾ ಅಂತೆ! ಅಣ್ಣ, ತಮ್ಮ ಮಾತು ಬಿಟ್ಟು ಆರು ವರ್ಷ. ಅಪ್ಪ ಹೋದ ದಿನ ಆಸ್ಪತ್ರೆಗೆ ಯಾರು ತಡವಾಗಿ ಬಂದರು ಎಂಬ ಒಂದು ಮಾತು. ಕಡ್ಡಿ ಗುಡ್ಡವಾಯಿತು. ನಡುವೆ ಹುಟ್ಟಿದ ನಾನು ಅಡಕತ್ತರಿಯಲ್ಲಿ.

ಮಾರ್ಚ್ 9

ಕೂರಿಸಿದೆ... ಬೇರೆ ಬೇರೆಯಾಗಿ. ಅಮ್ಮನಿಗೋಸ್ಕರ ಇಬ್ಬರೂ ಒಪ್ಪಿದರು. ಟ್ರೈಪಾಡ್ ಕದಲದಂತೆ ಅದರ ಕಾಲುಗಳನ್ನು ನೆಲಕ್ಕೆ ಟೇಪ್ ಹಚ್ಚಿ ಅಂಟಿಸಿದೆ. ಅದೇ ಲೈಟು, ಅದೇ ಬೆಂಚು. ಹತ್ತಕ್ಕೆ ಅಣ್ಣ, ಒಂದು ತುದಿಗೆ. ಹನ್ನೆರಡಕ್ಕೆ ತಮ್ಮ, ಇನ್ನೊಂದು ತುದಿಗೆ.

"ಅವನು ಹೋದ್ನಾ?" ಬಾಗಿಲಲ್ಲೇ ಕೇಳಿದ ತಮ್ಮ.

"ಹೋದ ಕಣೋ, ಒಳಗೆ ಬಾ."

ಮೀಸೆ ಬಂದ ಮಕ್ಕಳು!

ಮಾರ್ಚ್ 11, ಬೆಳಿಗ್ಗೆ 9

ಕಂಪ್ಯೂಟರಿನಲ್ಲಿ ಎರಡನ್ನೂ ಒಂದರ ಮೇಲೊಂದು ಪದರವಾಗಿಟ್ಟು ಒಂದೇ ಫೋಟೋ ಮಾಡುತ್ತಿದ್ದೇನೆ. ಕೆಳಗೆ ತಮ್ಮನ ಫೋಟೋ. ಮೇಲಿನ ಲೇಯರ್‌ನಲ್ಲಿ ಅಣ್ಣನದು, ಅದಕ್ಕೊಂದು ಮಾಸ್ಕ್. ಮಾಸ್ಕ್ ಮೇಲೆ ಕಪ್ಪು ಬಳಿದರೆ ಆ ಭಾಗ ಮರೆಯಾಗಿ ಕೆಳಗಿನದು ಕಾಣುತ್ತದೆ. ಬಿಳಿ ಬಳಿದರೆ ಮರೆಯಾದದ್ದು ವಾಪಸ್. ಏನೂ ಅಳಿಸಿಹೋಗುವುದಿಲ್ಲ. ಅವಸರದಲ್ಲಿ ಮಾಸ್ಕ್ ಬಿಟ್ಟು ಫೋಟೋ ಮೇಲೇ ಬ್ರಷ್ ಎಳೆದೆ — ಅಣ್ಣನ ಮುಖಕ್ಕೆ ಮಸಿ! ಒಬ್ಬಳೇ ನಕ್ಕೆ. ಅನ್‌ಡೂ ಒತ್ತಿ ಮೊದಲಿನಂತೆ ಮಾಡಿದೆ.

ಅಸಲಿ ತಲೆನೋವು ಬೇರೆ. ಅಣ್ಣ ಬೆಂಚಿನ ಒರಗಿನ ಮೇಲೆ ಕೈ ಚಾಚಿ ಕೂತಿದ್ದಾನೆ. ಮುಖ ನೋಡುವ ಗಡಿಬಿಡಿಯಲ್ಲಿ ಅವತ್ತು ಗಮನಿಸಲಿಲ್ಲ. ಅಂಗೈ ಸರಿಯಾಗಿ ತಮ್ಮನ ಹೆಗಲು ಬರುವಲ್ಲೇ. ತಮ್ಮ ನೋಡಿದರೆ ಕೆಂಡ ಕಾರುತ್ತಾನೆ. ಕಪ್ಪು ಬಳಿದೆ. ಈಗ ಕೈ ಅವನ ಬೆನ್ನ ಹಿಂದೆ ಹೋದಂತೆ ಕಾಣುತ್ತದೆ. ಸದ್ಯ, ಬಚಾವ್.

ಮಾರ್ಚ್ 15

ತಮ್ಮ ಫೋಟೋ ನೋಡಲು ಬಂದ. "ಚೆನ್ನಾಗಿದೆ ಅಕ್ಕ," ಎಂದ. ಅಷ್ಟಕ್ಕೇ ಹೋಗಬಾರದೆ?

"ಅಣ್ಣನ ಕೈ ಎಲ್ಲಿ?"

ಆರು ವರ್ಷದ ಮೇಲೆ ಅವನ ಬಾಯಲ್ಲಿ 'ಅಣ್ಣ'. ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ. ಬಿಳಿ ಬ್ರಷ್ ಹಿಡಿದು ಮೆಲ್ಲಗೆ ಬಳಿದೆ. ಬೆರಳು, ಉಂಗುರ, ಅಂಗೈ... ಅವನ ಹೆಗಲ ಮೇಲೆ.

"ಹೀಗೆ ಇಡು ಅಂತ ನೀನು ಹೇಳಿದ್ಯಾ?"

"ಇಲ್ವೋ. ತಾನಾಗೇ ಇಟ್ಟಿದ್ದ. ನಿಂಗೆ ಸಿಟ್ಟು ಬರುತ್ತೆ ಅಂತ ನಾನೇ ಮರೆ ಮಾಡ್ದೆ."

ಬಯ್ಯುತ್ತಾನೆಂದು ಕಾದೆ. ತನ್ನ ಹೆಗಲನ್ನು ಒಮ್ಮೆ ಮುಟ್ಟಿಕೊಂಡ.

"ವಾಪಸ್ ಮರೆ ಮಾಡ್ಲಾ?"

"ಬೇಡ. ಇರ್ಲಿ."

ಅಳು ಒತ್ತರಿಸಿ ಬಂತು. ಪ್ರಿಂಟರ್‌ಗೆ ಪೇಪರ್ ಹಾಕುವ ನೆಪದಲ್ಲಿ ಎದ್ದೆ.

ಮಾರ್ಚ್ 17, ಭಾನುವಾರ, ಸಂಜೆ 5

ಭಾನುವಾರ ಅಣ್ಣ ಅಮ್ಮನನ್ನು ನೋಡಲು ಬರುವ ದಿನ. ತಮ್ಮನದು ಶನಿವಾರ. ಎಲ್ಲೂ ಬರೆದಿಟ್ಟಿಲ್ಲ, ಒಮ್ಮೆಯೂ ತಪ್ಪಿಲ್ಲ.

ಅಮ್ಮ ಕಿಟಕಿ ಪಕ್ಕ ಕೂತು ಫೋಟೋವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಳು. ಪಕ್ಕದಲ್ಲಿ ಅಣ್ಣ. ತನ್ನ ಕೈ ಎಲ್ಲಿದೆಯೆಂದು ನೋಡಿ ನನ್ನತ್ತ ತಿರುಗಿದ, ಮುಖ ಬಿಳಿಚಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ತಮ್ಮ. ಭಾನುವಾರ!

ಅಮ್ಮನಿಗೆ ಅವನು ಕಾಣಲಿಲ್ಲ. "ತಮ್ಮನ ಹೆಗಲ ಮೇಲೆ ಕೈ ಹಾಕಿದ್ದೀಯಲ್ಲೋ," ಎಂದಳು ಅಣ್ಣನಿಗೆ. "ಅವನು ಸುಮ್ನಿದ್ನಾ?"

ಅಣ್ಣ ಬಾಗಿಲ ಕಡೆ ನೋಡಿದ.

"ನಾನೇ ಹಾಕು ಅಂದೆ ಕಣಮ್ಮ," ಎಂದ ತಮ್ಮ, ಚಪ್ಪಲಿ ಬಿಡುತ್ತಾ.

ಅಣ್ಣ ಸರಿದು ಜಾಗ ಮಾಡಿದ. ಕ್ಯಾಮೆರಾ ತರಲೆಂದು ಒಳಗೆ ಬಂದವಳು ಇದನ್ನು ಗೀಚುತ್ತಾ ನಿಂತಿದ್ದೇನೆ. ಹೊರಗೆ ಅಣ್ಣ ಏನೋ ಕೇಳುತ್ತಿದ್ದಾನೆ. ತಮ್ಮ ಉತ್ತರ ಕೊಡುತ್ತಿದ್ದಾನೆ.