ಕಥೆಯೊಳಗಿನ ತಂದೆ

೧೪ ಜುಲೈ, ಮಂಗಳವಾರ. ಕೋಥರೂಡ.

ಭಾನುವಾರ ಕನ್ನಡ ಸಂಘದಲ್ಲಿ ತಂದೆ-ಮಗಳ ಒಂದು ಕಥೆಯ ಬಗ್ಗೆ ಮಾತಾಡಬೇಕು. ಬರೆದಿಟ್ಟುಕೊಂಡದ್ದನ್ನೆಲ್ಲ ಇವತ್ತು ಮಾವನವರು ಕೆಡಿಸಿದರು.

ಇಲ್ಲಿಯ ಶಿವಾಜಿನಗರದ ಕೋರ್ಟಿನಲ್ಲಿ ಮೂವತ್ತು ವರ್ಷ ವಕೀಲಿ ಮಾಡಿದವರು. ಚಹಾ ಕುಡಿಯುತ್ತ ನನ್ನ ಹಾಳೆ ಓದಿದರು. ‘ಈ ತಂದೆಗೆ ಮಗಳ ಮೇಲೆ ಪ್ರೀತಿಯೇ ಇಲ್ಲ’ ಎಂದು ಬರೆದಲ್ಲಿ ಬೆರಳಿಟ್ಟು, “ಇದು ಕಥಿಯೊಳಗ ಎಲ್ಲಿ ಅದ, ತೋರಸು” ಅಂದರು.

“ಅಂವಾ ಆಕಿ ಜೋಡಿ ಮಾತೇ ಆಡಂಗಿಲ್ರಿ.”

“ಖರೆ. ಆದ್ರ ಏನ್ ಮಾಡ್ತಾನ, ಅದನ್ನ ನೋಡೀಯೇನು?”

ಸಿಟ್ಟು ಬಂತು. ಆದರೂ ಪೆನ್ಸಿಲ್ ಹಿಡಿದು ಮತ್ತೆ ಓದಿದೆ. ಮಗಳ ಪರೀಕ್ಷೆಯ ಹಿಂದಿನ ದಿನ ಅವನು ಅವಳ ಸೈಕಲ್ ಚೈನಿಗೆ ಎಣ್ಣೆ ಬಿಡುತ್ತಾನೆ. ಅವಳು ಊಟಕ್ಕೆ ಬರುವ ತನಕ ತಾನು ತಟ್ಟೆ ಮುಟ್ಟುವುದಿಲ್ಲ. ಮೂರು ಸಲ ಓದಿದ್ದರೂ ಇವೆರಡೂ ನನಗೆ ಕಂಡಿರಲಿಲ್ಲ.

“ನಾ ಕಥಿ ಓದೇ ಇಲ್ರಿ, ನಮ್ಮಪ್ಪನ್ನ ಓದೀನಿ” ಅಂದೆ.

ಮಾವನವರು ನಗಲಿಲ್ಲ. “ಭಾಳ ಛಲೋ ಬರದೀ, ಅನುಜಾ. ಆ ಒಂದ್ ಸಾಲು ತಿದ್ದು” ಎಂದು ಹಾಳೆಯನ್ನು ಜೋಪಾನವಾಗಿ ಕೈಗಿಟ್ಟರು.

ಸಂಜೆ ಬೆಳಗಾವಿಗೆ ಫೋನ್ ಮಾಡಿದೆ. ಅಪ್ಪ ಎಂದಿನಂತೆ “ಆರಾಮ? ತಡಿ, ಅವ್ವಗ ಕೊಡ್ತೀನಿ” ಎಂದರು.

“ಬ್ಯಾಡಪಾ, ನೀವ ಮಾತಾಡ್ರಿ.”

ಕುರ್ಚಿ ಎಳೆದುಕೊಂಡ ಸದ್ದು ಕೇಳಿಸಿತು. ಆಮೇಲೆ ಹಿತ್ತಲ ಪೇರಲ ಗಿಡಕ್ಕೆ ಬರುವ ಗಿಳಿಗಳ ಸುದ್ದಿ ತೆಗೆದರು. ಎಷ್ಟು ಬರುತ್ತವೆ, ಯಾವ ಟೊಂಗೆಯಲ್ಲಿ ಕೂಡುತ್ತವೆ, ಎಲ್ಲ. ನಮ್ಮ ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತಲೇ ಇತ್ತು. ಕೂಗಲಿ ಬಿಡು ಅನಿಸಿತು. ಅಪ್ಪನಿಗೆ ಇಷ್ಟು ಮಾತು ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ.