ಅನಗತ್ಯ ಆತ್ಮೀಯತೆ

ಯುವಜನ ಕಲ್ಯಾಣ ಇಲಾಖೆಯ ಮಾನ್ಯ ನಿರ್ದೇಶಕರೇ,

ನಿಮ್ಮ ನಿಯಮವೊಂದನ್ನು ನಾನು ಚಾಚೂ ತಪ್ಪದೆ ಪಾಲಿಸಿದೆ. ಅದೇ ನನ್ನ ದೂರು. ಮುರಿದಿದ್ದರೆ ಒಂದು ನೋಟಿಸು ಬರುತ್ತಿತ್ತು, ಅಷ್ಟೇ. ಪಾಲಿಸಿದ್ದಕ್ಕೆ ಒಬ್ಬ ಹುಡುಗಿ ಕಾಣೆಯಾಗಿದ್ದಾಳೆ.

ಬಡವರ ಕೇರಿಗಳ ಹದಿಹರೆಯದ ಮಕ್ಕಳಿಗೆ ಹಿರಿಯರ ಆಸರೆಯಿರಲಿ ಎಂದು ನೀವು ಸ್ವಯಂಸೇವಕರ ಜಾಲ ಕಟ್ಟಿದಿರಿ. ಸಂತೋಷ. ಮೂವತ್ತೊಂದು ವರ್ಷ ವಾರ್ಡುಗಳಲ್ಲಿ ದುಡಿದು ನಿವೃತ್ತಳಾದ ನರ್ಸು ನಾನು. ಮೊದಲ ದಿನವೇ ಹೆಸರು ಬರೆಸಿದೆ. ಆದರೆ ಆರು ತಿಂಗಳಿಗೊಮ್ಮೆ ಮಾರ್ಗದರ್ಶಕರು ಬದಲಾಗಬೇಕು, ಬದಲಾದ ಮೇಲೆ ಹಳೆಯ ಮಕ್ಕಳೊಡನೆ ಸಂಪರ್ಕ ಕೂಡದು, 'ಅನಗತ್ಯ ಆತ್ಮೀಯತೆ ಬೆಳೆಯಬಾರದು' ಎಂದು ಸುತ್ತೋಲೆ ಹೊರಡಿಸಿದವರೂ ನೀವೇ. ಆತ್ಮೀಯತೆಯಲ್ಲಿ ಅಗತ್ಯದ್ದೆಷ್ಟು, ಅನಗತ್ಯದ್ದೆಷ್ಟು ಎಂದು ಅಳೆಯುವ ಥರ್ಮಾಮೀಟರು ನಿಮ್ಮ ಕಚೇರಿಯಲ್ಲಿ ಯಾವ ಬೀರುವಿನಲ್ಲಿದೆ, ಸ್ವಾಮಿ? ಇಷ್ಟು ವರ್ಷದ ಚಾಕರಿಯಲ್ಲಿ ನಾನಂತೂ ಕಂಡಿಲ್ಲ.

ನನ್ನ ಪಾಲಿಗೆ ಬಂದವಳು ಹದಿನೇಳರ ಹುಡುಗಿ. ಕೇರಿಯವರೆಲ್ಲ ಅವಳನ್ನು ಚೂಟಿ ಎನ್ನುತ್ತಿದ್ದರು. ತಾಯಿ ಹೋಟೆಲುಗಳ ಹಾಸುಬಟ್ಟೆ ಒಗೆಯುವ ಲಾಂಡ್ರಿಯಲ್ಲಿದ್ದಳು. ತಂದೆಯ ಮಾತನ್ನು ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಶನಿವಾರ ಮಧ್ಯಾಹ್ನ ಕ್ಷೌರದಂಗಡಿಯ ಹಿಂದಿನ ಕೋಣೆಯಲ್ಲಿ, ಕಾಲು ಕುಂಟುವ ಬೆಂಚಿನ ಮೇಲೆ, ನಾವಿಬ್ಬರೂ ಕೂರುತ್ತಿದ್ದೆವು. ಮೂರು ವಾರ ಅವಳು ತುಟಿ ಬಿಚ್ಚಲಿಲ್ಲ. ನಾಲ್ಕನೆಯ ವಾರ ಕೇಳಿದಳು: "ಸಿಸ್ಟರಮ್ಮ, ಸಾಯೋರ ಹತ್ರ ನಿಜ ಹೇಳ್ತೀರಾ, ಸುಳ್ಳು ಹೇಳ್ತೀರಾ?"

"ಎರಡೂ ಇಲ್ಲ. ಕೈ ಹಿಡ್ಕೊಂಡು ಕೂತ್ಕೋತೀನಿ," ಎಂದೆ.

ಬೆಂಚಿನ ಮೇಲೆ ನನ್ನತ್ತ ಸರಿದು ಹೇಳಿದಳು: "ಹಾಗಾದ್ರೆ ನಾನೂ ನರ್ಸ್ ಆಗ್ತೀನಿ. ಕೂತ್ಕೊಳ್ಳೋದು ನಂಗೆ ಬರತ್ತೆ."

ನಿಮ್ಮ ಸುತ್ತೋಲೆಯಂತೆ ಅವಳನ್ನು ಬೇರೊಬ್ಬರಿಗೆ ಒಪ್ಪಿಸಲಾಯಿತು. ಎರಡು ತಿಂಗಳ ನಂತರ ಒಂದು ಬೆಳಿಗ್ಗೆ ನನ್ನ ಮನೆ ಬಾಗಿಲು ತಟ್ಟಿದಳು.

"ಸಿಸ್ಟರಮ್ಮ, ಗುರುವಾರ ನರ್ಸಿಂಗ್ ಶಾಲೇಲಿ ಸಂದರ್ಶನ. ದೊಡ್ಡೋರು ಯಾರಾದ್ರೂ ಜೊತೇಲಿ ಬಂದು ಸಹಿ ಹಾಕ್ಬೇಕಂತೆ. ಅಮ್ಮ ಒಂದಿನ ತಪ್ಪಿಸಿದ್ರೂ ಕೆಲಸ ಹೋಗತ್ತೆ."

"ನಿನ್ನ ಹೊಸ ಮಾರ್ಗದರ್ಶಕರನ್ನ ಕೇಳಮ್ಮ."

"ಅವರು ಯಾರು? ಇವತ್ತಿನವರೆಗೂ ನಾನು ಮುಖ ನೋಡಿಲ್ಲ."

ಅವಳನ್ನು ಹೊಸ್ತಿಲಾಚೆ ನಿಲ್ಲಿಸಿಯೇ ನಿಮ್ಮ ಕಚೇರಿಗೆ ಫೋನು ಮಾಡಿದೆ. ಗುಮಾಸ್ತರು ಆಕಳಿಸುತ್ತ, "ಪಟ್ಟೀಲಿ ಹೆಸರಿದೆಯಲ್ಲ ಮೇಡಂ, ಬರ್ತಾರೆ. ನೀವ್ಯಾಕೆ ಮಧ್ಯೆ ಕೈ ಹಾಕ್ತೀರಾ?" ಎಂದರು. "ಬರ್ತಾರಂತೆ ಕಣಮ್ಮ," ಎಂದು ನಾನು ಅವಳಿಗೆ ಒಪ್ಪಿಸಿದೆ. ಜೀವಮಾನವೆಲ್ಲ ಮೇಲಿನವರ ಮಾತು ಕೇಳಿ ಒಗ್ಗಿದ ಜೀವ ನನ್ನದು. ಗುರುವಾರ ನನಗೆ ಯಾವ ಕೆಲಸವೂ ಇರಲಿಲ್ಲ ಎಂಬುದನ್ನು ಮಾತ್ರ ಹೇಳಲಿಲ್ಲ.

"ಪರವಾಗಿಲ್ಲ ಸಿಸ್ಟರಮ್ಮ. ನಿಮಗೂ ರೂಲ್ಸು ಇರತ್ತಲ್ಲ," ಎಂದು ಅವಳೇ ನನ್ನನ್ನು ಸಮಾಧಾನಪಡಿಸಿ ಮೆಟ್ಟಿಲಿಳಿದಳು.

ಆ ಶಾಲೆಯ ಕಾವಲುಗಾರ ಆಮೇಲೆ ನನಗೆ ಹೇಳಿದ್ದು ಇದು. ಸಂಜೆ ಗೇಟು ಮುಚ್ಚುವವರೆಗೂ ಅವಳು ಹೊರಗೇ ನಿಂತಿದ್ದಳು. ಅವನು ಹೋಗೆಂದಾಗಲೆಲ್ಲ, "ಬರ್ತಾರಂತೆ ಅಂಕಲ್, ಇನ್ನೊಂದ್ ಸ್ವಲ್ಪ ಹೊತ್ತು," ಎನ್ನುತ್ತಿದ್ದಳು. ನನ್ನ ಮಾತನ್ನೇ ಊರುಗೋಲು ಮಾಡಿಕೊಂಡು ಇಡೀ ದಿನ ನಿಂತಳು.

ತಿಂಗಳಾಗುವಷ್ಟರಲ್ಲಿ ಹೆಂಗಸೊಬ್ಬಳು ಕೇರಿಗೆ ಬಂದು, ದೂರದ ಊರಿನ ಆಸ್ಪತ್ರೆಯಲ್ಲಿ ಕೆಲಸವಿದೆ, ಯಾರ ಸಹಿಯೂ ಬೇಡ ಎಂದಳು. ಚೂಟಿ ಅವಳ ಹಿಂದೆ ಬಸ್ಸು ಹತ್ತಿದಳು. ಆ ಹೆಸರಿನ ಆಸ್ಪತ್ರೆ ಆ ಊರಿನಲ್ಲಿಲ್ಲ. ಪೊಲೀಸರಿಗೆ ದೂರು ಕೊಟ್ಟು ಹನ್ನೊಂದು ತಿಂಗಳಾಯಿತು.

ಈಗ ಶನಿವಾರದ ಬೆಂಚಿಗೆ ಬರುವವಳು ಅವಳ ತಾಯಿ. ಬಟ್ಟೆ ಒಗೆಯುವ ಸೋಡಾಕ್ಕೆ ಸವೆದು ಬಿಳಿಚಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, "ನಿಮಗೇನಾದ್ರೂ ಫೋನ್ ಬಂತಾ ಅಕ್ಕಾ?" ಎನ್ನುತ್ತಾಳೆ. ಬಾಯಿ ತುಂಬ ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ, ಬೈಯುವುದಿಲ್ಲ. ಬಸ್ಸಿನಲ್ಲಿ ಮುಂದಿನ ಸೀಟಿನಲ್ಲೊಂದು ಚೂಟಿಯದರಂಥ ಎರಡು ಜಡೆಯ ತಲೆ ಕಂಡರೆ ನನ್ನ ನಿಲ್ದಾಣ ಬಿಟ್ಟು ಆ ಹುಡುಗಿ ಇಳಿಯುವವರೆಗೂ ಹೋಗುತ್ತೇನೆ. ಯಾರ ಮಗಳೋ ತಿರುಗಿ ನೋಡಿ ಹೆದರುತ್ತಾಳೆ. ಯಾರು ಬಾಗಿಲು ತಟ್ಟಿದರೂ, ತೆಗೆಯುವ ಮುನ್ನ ಒಂದು ಗಳಿಗೆ ನನ್ನ ಕೈ ಚಿಲಕದ ಮೇಲೆಯೇ ಉಳಿಯುತ್ತದೆ.

ಅವಳಿಗೆ ಗೊತ್ತುಮಾಡಿದ ಹೊಸ ಮಾರ್ಗದರ್ಶಕರನ್ನೂ ಹುಡುಕಿದೆ. ಸಿಕ್ಕರು. ಆ ನೇಮಕಕ್ಕೆ ನಾಲ್ಕು ತಿಂಗಳು ಮುಂಚೆಯೇ ನಿಮಗೆ ರಾಜೀನಾಮೆ ಕೊಟ್ಟಿದ್ದರಂತೆ! ಇಷ್ಟಾದರೂ ನಿಮ್ಮ ವಾರ್ಷಿಕ ವರದಿಯಲ್ಲಿ ಚೂಟಿಯ ಹೆಸರಿನ ಮುಂದೆ 'ಮಾರ್ಗದರ್ಶನ ಯಶಸ್ವಿಯಾಗಿ ಪೂರ್ಣಗೊಂಡಿದೆ' ಎಂದಿದೆ. ಯಾರ ಯಶಸ್ಸು, ಮಾನ್ಯರೇ? ಎಲ್ಲಿ ಪೂರ್ಣಗೊಂಡಿತು? ಗೇಟಿನ ಹೊರಗೋ, ಬಸ್ಸಿನೊಳಗೋ?

ಆ ಸುತ್ತೋಲೆಯನ್ನು ಹಿಂತೆಗೆದುಕೊಳ್ಳಿ. ಯಾರ ಜೊತೆ ಎಷ್ಟು ದಿನ ಎಂಬುದನ್ನು ಮಕ್ಕಳೇ ಹೇಳಲಿ. ಸ್ವಯಂಸೇವಕರ ಅರ್ಜಿಯಲ್ಲಿ ಪದವಿಯ ಕಾಲಂ ಖಾಲಿ ಬಿಟ್ಟರೆಂದು ನೀವು ತಿರಸ್ಕರಿಸಿದ ಕ್ಷೌರಿಕರನ್ನೂ ಲಾಂಡ್ರಿಯ ಹೆಂಗಸರನ್ನೂ ಸೇರಿಸಿಕೊಳ್ಳಿ. ಕೇರಿಗೆ ಹೊಸಬರು ಕಾಲಿಟ್ಟರೆ ಮೊದಲು ಕಾಣುವುದು ಅವರ ಕಣ್ಣಿಗೆ. ಮತ್ತೆ, ವರದಿಯ ಆ ಸಾಲನ್ನು ಇಂದೇ ಹೊಡೆದುಹಾಕಿ, 'ಕಾಣೆಯಾಗಿದ್ದಾಳೆ, ಇಲಾಖೆ ಹುಡುಕುತ್ತಿದೆ' ಎಂದು ಬರೆಯಿರಿ.

ಬರೆದ ಮೇಲೆ ದಯವಿಟ್ಟು ಹುಡುಕಿ.

ಇಂತಿ,
ಗುರುವಾರ ಬಿಡುವಾಗಿದ್ದ
ಒಬ್ಬ ನಿವೃತ್ತ ನರ್ಸು