ಹಿತ್ತಾಳೆ ತಗಡಿನ ನಂಬರು

ಶ್ರೀ ಗುರುಬಸವಲಿಂಗಾಯ ನಮಃ

ಬಿಳಿಕೆರೆ
24-10-2025, ಶುಕ್ರವಾರ

ತಮ್ಮ ಬಸವಪ್ರಸಾದನಿಗೆ,

ಅಕ್ಕ ಸರ್ವಮಂಗಳ ಬರೆಯುವುದು. ಚಿರಂಜೀವಿ ಎಂದು ಬರೆಯಲು ಕೈ ಬರಲಿಲ್ಲ. ನೂರು ವರ್ಷ ಬದುಕು, ಅದಕ್ಕೆ ನನ್ನ ಅಡ್ಡಿಯಿಲ್ಲ. ಆದರೆ ಕ್ಷೇಮ ಕೇಳುವ ಮನಸ್ಸು ಈ ಹೊತ್ತು ನನಗಿಲ್ಲ. ಫೋನಿನಲ್ಲಿ ನೀನು ನನ್ನ ಒಂದು ಮಾತನ್ನೂ ಮುಗಿಸಲು ಬಿಡುವುದಿಲ್ಲ. ಕಾಗದಕ್ಕೆ ಅಡ್ಡಬಾಯಿ ಹಾಕಲು ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹುಣಸೂರು ಕೋರ್ಟಿನ ಮುಂದೆ ಟೈಪ್ ಮಾಡುವ ಶಿವನಂಜಪ್ಪನ ಕೈಲಿ ನೀನು ಹೋದ ವಾರ ಬುಧವಾರ ಕಳಿಸಿದ ಛಾಪಾ ಕಾಗದ ಓದಿದೆ. ಸಹಿ ಹಾಕುವ ಜಾಗಕ್ಕೆ ಪೆನ್ಸಿಲಿನಲ್ಲಿ ಸುತ್ತು ಹಾಕಿ ಕಳಿಸಿದ್ದೀಯ. ಮೇಲಿನದನ್ನು ಓದುವುದಿಲ್ಲ ಎಂದುಕೊಂಡೆಯೋ ಏನೋ. ನಿನ್ನನ್ನು ನೋಡಿಕೊಳ್ಳಲೆಂದು ಏಳನೇ ಕ್ಲಾಸಿಗೆ ನನ್ನ ಸ್ಕೂಲು ಬಿಡಿಸಿದರು. ಏಳನೇ ಕ್ಲಾಸಿನ ಕನ್ನಡ ಇದಕ್ಕೆ ಸಾಕಾಯಿತು. 'ಈ ಕಾರಿನ ಚಾಸಿ ನಂಬರ್ ತಗಡು ತಯಾರಾದ ದಿನದಿಂದ ಇಂದಿನವರೆಗೆ ಬದಲಾಗಿರುವುದಿಲ್ಲವೆಂದು ಮಾಲೀಕಳಾದ ನಾನು ದೇವರ ಸಾಕ್ಷಿಯಾಗಿ ಪ್ರಮಾಣ ಮಾಡುತ್ತೇನೆ' ಎಂದಿದೆ. ಈಗ ಕಾರಿನಲ್ಲಿರುವ ತಗಡು ಹದಿನೈದು ದಿನದ್ದು. ಮೈಸೂರಿನಲ್ಲಿ ದೇವಸ್ಥಾನದ ಗಂಟೆಗಳ ಮೇಲೆ ದಾನಿಗಳ ಹೆಸರು ಕೆತ್ತುವವನ ಹತ್ತಿರ ಮಾಡಿಸಿದ್ದು. ನಾನು ಸಹಿ ಹಾಕುವುದಿಲ್ಲ.

ಅಕ್ಕ ಆಸೆಪಟ್ಟು ಕಾರು ತನ್ನ ಹೆಸರಿಗೆ ಮಾಡಿಸಿಕೊಂಡಳು ಎಂದು ಹೇಳಿಕೊಂಡು ತಿರುಗುತ್ತಿದ್ದೀಯಂತೆ. ಅಂತರಸಂತೆಯ ಶಾಸ್ತ್ರಿಗಳ ಮುಂದೆ ಹೆಸರುಬಲ ಕೇಳಿಕೊಂಡು ಕೂತವನು ನೀನು. ನಿನ್ನ ಹೆಸರಿಗೆ ವಾಹನ ಕೂಡಿಬರುವುದಿಲ್ಲ, ಹೆಂಡತಿ ಹೆಸರಿಗೂ ಇಲ್ಲ, ಒಡಹುಟ್ಟಿದವಳ ಹೆಸರಿಗೆ ಬಲವಿದೆ ಎಂದರು. ಟ್ರ್ಯಾಕ್ಟರು ನನ್ನ ಹೆಸರಿಗೆ ಬಂತು, ಹೊಗೆಸೊಪ್ಪು ಸಾಗಿಸುವ ಟೆಂಪೋ ಬಂತು, ಕೊನೆಗೆ ಇಂಗ್ಲೆಂಡಿನಿಂದ ಹಡಗಿನಲ್ಲಿ ಈ ಎಪ್ಪತ್ತೆರಡು ವರ್ಷದ ಕಾರೂ ಬಂತು. ಚೆನ್ನೈ ಬಂದರಿನ ಕಾಗದಗಳಿಗೆ ಸಹಿ ಮಾಡಿಸುವಾಗ ನೀನು, 'ಹಾಕಕ್ಕ, ನಿನ್ ಹೆಸ್ರಲ್ಲೇ ಲಕ್ಷ್ಮಿ ಅವ್ಳೆ ಕಣಕ್ಕ' ಎಂದಿದ್ದೆ. ಬಿಳಿಕೆರೆಯಿಂದ ಒಂದು ದಿನ ಅದರಲ್ಲಿ ಕೂರಿಸಿಕೊಂಡು ನಂಜನಗೂಡಿಗೆ ಹೋಗೋಣವೆಂದು ಕೇಳಿದ್ದಕ್ಕೆ, 'ರಿಜಿಸ್ಟ್ರೇಷನ್ ಆಗ್ದೆ ರೋಡ್ಗೆ ಇಳಿಸ್ಬಾರ್ದು, ನಿಂಗೆ ಗೊತ್ತಾಗಲ್ಲ ಬುಡು' ಎಂದೆ. ಅದೇ ವಾರ ನಿನ್ನ ಸ್ನೇಹಿತರನ್ನು ಕೂರಿಸಿಕೊಂಡು ಕಟ್ಟೆಮಳಲವಾಡಿಯ ಏರಿ ಮೇಲೆ ಎರಡು ಸುತ್ತು ಹೊಡೆದೆ. ನಮ್ಮ ಊರಿನವರೇ ನೋಡಿ ಬಂದು ಹೇಳಿದರು.

ಗೊತ್ತಾಗಲ್ಲ ಎಂದೆಯಲ್ಲ, ಎಲ್ಲ ಗೊತ್ತಾಗಿದೆ. ಈಗಿನ ಹೊಗೆ ನಿಯಮಕ್ಕೆ ಆ ಕಾರು ನಿಲ್ಲುವುದಿಲ್ಲ. ಹೊಗೆ ಪರೀಕ್ಷೆಯ ಸಣ್ಣಬೀರಯ್ಯ ಅದರ ಬಾಲ ನೋಡಿಯೇ, 'ಅಮ್ಮಾ, ಇದ್ನ ನನ್ ಮಿಷಿನ್ಗೆ ತೋರಿಸ್ಬ್ಯಾಡಿ, ಮಿಷಿನ್ನೇ ಕೆಮ್ತದೆ' ಎಂದಿದ್ದ. ಅದಕ್ಕಿರುವುದು ಒಂದೇ ದಾರಿ, ಹಳೇ ಕಾಲದ ಕಾರು ಎಂದು ಬೇರೆ ರೀತಿ ನೋಂದಣಿ. ಹಾಗಾಗಬೇಕಾದರೆ ಬಂದರಿನ ಕಾಗದದ ನಂಬರೂ ಕಾರಿನ ಮೇಲಿನ ನಂಬರೂ ತಾಳೆಯಾಗಬೇಕು. ಅಡಿಯ ಕಬ್ಬಿಣದಲ್ಲಿದ್ದ ನಂಬರನ್ನು ಇಲ್ಲಿಗೆ ಬರುವ ಮೊದಲೇ ತುಕ್ಕು ತಿಂದಿತ್ತು. ಉಳಿದದ್ದು ಬಾನೆಟ್ಟಿನ ಒಳಗಿನ ಹಿತ್ತಾಳೆ ತಗಡು ಒಂದೇ.

ಅದನ್ನು ಆಯುಧಪೂಜೆಯ ಬೆಳಿಗ್ಗೆ ನಾನು ಉಜ್ಜಿದೆ. ನಿಜ. ಹುಣಸೆಹಣ್ಣು, ಇಟ್ಟಿಗೆ ಪುಡಿ, ತೆಂಗಿನ ನಾರು, ನಮ್ಮ ದೀಪಾಲೆ ಕಂಬಗಳನ್ನು ಉಜ್ಜುವ ಹಾಗೆಯೇ. ನೂಲಿನೆಳೆಯಷ್ಟು ಗೀಚಿದ ಅಂಕಿ, ಮೇಲೊಂದಿಷ್ಟು ಕಪ್ಪು ಬಣ್ಣ. ಹೋಯಿತು. ಸಂಜೆ ನೀನು ಬಾನೆಟ್ ಎತ್ತಿ, ತಗಡು ಕನ್ನಡಿಯ ಹಾಗೆ ಹೊಳೆಯುವುದನ್ನು ಕಂಡು, ಪೂಜೆಯ ಬೂದುಗುಂಬಳ ಒಡೆದ ಜಾಗದಲ್ಲೇ ನಿಂತು ಏನೇನು ಅಂದೆ ಎಂದು ಇಲ್ಲಿ ಬರೆಯುವುದಿಲ್ಲ. ಮೇಲೆ ಗುರುಗಳ ಹೆಸರಿದೆ. ಈಗ ಹುಣಸೂರಿನ ಹೋಟೆಲುಗಳಲ್ಲಿ ಕೂತು, 'ಹೊಟ್ಟೆಕಿಚ್ಗೆ ಉಜ್ಜುದ್ಲು' ಎನ್ನುತ್ತೀಯಂತೆ. ಉಜ್ಜು ಎಂದವರು ಯಾರಪ್ಪ? 'ಅಕ್ಕ, ಮೈಸೂರಿಂದ ದೊಡ್ ಜನ ಬತ್ತಾವ್ರೆ, ಹಿತ್ತಾಳೆ ಇರೋದೆಲ್ಲ ಫಳಾರ್ ಅನ್ನಂಗೆ ಉಜ್ಬುಡು' ಎಂದು ಹುಣಸೆಹಣ್ಣಿನ ಬಟ್ಟಲು ತಂದು ಕೈಗೆ ಕೊಟ್ಟವನು ನೀನು.

ಆ ದೊಡ್ಡ ಜನ ಬಂದು ನಿಂತಾಗ ನಾನು ಬಾನೆಟ್ಟಿನ ಮರೆಯಲ್ಲಿ ಆ ತಗಡು ಉಜ್ಜುತ್ತಿದ್ದೆ. ಓನರ್ ಯಾರು ಎಂದು ಅವರಲ್ಲೊಬ್ಬರು ಕೇಳಿದರು. ನೀನು ಹೇಳಿದ್ದು ನನಗೆ ಅಕ್ಷರ ಅಕ್ಷರ ನೆನಪಿದೆ. 'ಪೇಪರ್‌ನಾಗೆ ನಮ್ಮಕ್ಕ ಸಾರ್. ಅವ್ಳಿಗೇನ್ ಗೊತ್ತಾಯ್ತದೆ, ಬೆಟ್ಟು ಮಡಗ್ದ ಕಡೆ ಸೈನ್ ಆಕ್ತಾಳೆ. ಪಾತ್ರೆ ಬೆಳಗೋಕೆ ಲಾಯಕ್ಕು.' ಎಲ್ಲರೂ ನಕ್ಕರು. ನಿನ್ನ ಹೆಂಡತಿ ಹೇಮಶ್ರೀಯೂ ನಕ್ಕಳು.

ಅದೇ ಹೇಮಶ್ರೀ ಭಾನುವಾರ ಇಲ್ಲಿಗೆ ಬಂದಿದ್ದಳು. ಕಾಫಿ ಮುಟ್ಟಲಿಲ್ಲ. 'ಅತ್ಗೆ, ನಿಮ್ ತಮ್ಮ ಹೇಳಿ ಕಳ್ಸವ್ರೆ. ಸೈನ್ ಆಗ್ನಿಲ್ಲ ಅಂದ್ರೆ ಗೌರಿಹಬ್ಬದ ಬಾಗಿನ ಕಾಯ್ಬೇಡಿ, ತವ್ರ ಬಾಗ್ಲು ಮುಚ್ತು ಅಂದ್ಕೊಳಿ' ಎಂದಳು. ಮೂವತ್ತು ವರ್ಷದಿಂದ ತಪ್ಪದೆ ಬಂದ ಮೊರದ ಬಾಗಿನ. ಅವಳು ಹೋದ ಮೇಲೆ ಅಡುಗೆಮನೆಯಲ್ಲಿ ಕೂತು ಅತ್ತೆ. ಅದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ನಿಮ್ಮ ಭಾವ ಛಾಪಾ ಕಾಗದ ನೋಡಿ, 'ಕಾರಲ್ಲೋಗೋನು ಅವ್ನು, ಜೈಲ್ಗೋಗೋಳು ನೀನು' ಎಂದರು. ಜೈಲಿನ ಹೆದರಿಕೆ ನನಗೆ ಅಷ್ಟಿಲ್ಲ. ಕೊರಳಲ್ಲಿ ಲಿಂಗ ಕಟ್ಟಿಕೊಂಡು, ದಿನಾ ಎರಡು ಹೊತ್ತು ಅಂಗೈಯಲ್ಲಿಟ್ಟು ಪೂಜೆ ಮಾಡುತ್ತೇನೆ. ಅದೇ ಕೈಯಲ್ಲಿ ದೇವರ ಸಾಕ್ಷಿ ಎಂದು ಸುಳ್ಳಿಗೆ ಸಹಿ ಹಾಕಿ, ಮಾರನೆಯ ದಿನ ವಿಭೂತಿ ಹೇಗೆ ಹಚ್ಚಲಿ?

ಅದಕ್ಕೆ ನಿನ್ನೆ ಬಸ್ಸು ಹತ್ತಿ ಹುಣಸೂರಿಗೆ ಹೋಗಿ, ಅದೇ ಶಿವನಂಜಪ್ಪನ ಮೇಜಿನ ಮುಂದೆ ನಿಂತು ಬೇರೆ ಕಾಗದ ಬರೆಸಿದೆ. ಹಳೆಯ ತಗಡಿನ ನಂಬರು ಅಳಿಸಿದವಳು ನಾನು, ಈಗಿರುವುದು ಹೊಸದು ಎಂದು. ಸೋಮವಾರ ಹತ್ತೂವರೆಗೆ ನೀನು ಕಾರನ್ನು ಲಾರಿಯ ಮೇಲೆ ಹೇರಿಕೊಂಡು ತಪಾಸಣೆಗೆ ಬರುತ್ತೀಯಲ್ಲ, ನಾನು ಅದಕ್ಕೆ ಮೊದಲೇ ಆರ್‌ಟಿಓ ಕಚೇರಿಯ ಬಾಗಿಲಲ್ಲಿ ಇರುತ್ತೇನೆ. ಕಾರು ರಸ್ತೆಗೆ ಇಳಿಯುವುದಿಲ್ಲ. ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನಲ್ಲೇ ಇರಲಿ. ಬಾಗಿಲು ಮುಚ್ಚುವುದಾದರೆ ಮುಚ್ಚು. ಬೇರೆಯವರನ್ನು ಕಳಿಸಬೇಡ, ನೀನೇ ಬಂದು ಹೇಳಿ ಹೋಗು.

ಇತಿ,
ನಿನ್ನ ಮೂರು ವಾಹನಗಳ ಮಾಲೀಕಳು,
ಸರ್ವಮಂಗಳ

ಮರೆತ ಮಾತು: ಶಿವನಂಜಪ್ಪ ನನ್ನ ಕಾಗದದಲ್ಲಿ 'ತಿಳಿಯದೆ ಉಜ್ಜಿ ಅಳಿಸಿದೆ' ಎಂದು ಟೈಪ್ ಮಾಡಿದ್ದ. 'ಅದೊಂದು ಪದ ಇರ್ಲಿ ಕಣ್ರಮ್ಮ, ನಿಮ್ಗೇ ಒಳ್ಳೇದು' ಎಂದ. ನಾನು ತೆಗೆಸಿದೆ. ಮೊದಲ ಎರಡು ಅಂಕಿ ಹೋದದ್ದು ನನಗೆ ಆಗಲೇ ಕಂಡಿತ್ತು. ನೀವೆಲ್ಲ ಇನ್ನೂ ನಗುತ್ತಿದ್ದಿರಿ. ಉಳಿದ ನಾಲ್ಕನ್ನೂ ಉಜ್ಜಿದೆ.